ಐಸ್‌ಕ್ರೀಮ್ ಡಬ್ಬಿಯಲ್ಲಿ ಗಿಯಾರ್ತಿಯ ಸೂಜಿ

ಗಿಯಾರ್ತಿಗೆ ಸಿಹಿ ಸೇರುವುದಿಲ್ಲ. ಈ ಮಾತನ್ನು ಜೋಗ್ಜಾ ಊರಿನಲ್ಲಿ ಎಲ್ಲಿ ಹೇಳಿದರೂ ಜನ ನಗುತ್ತಿದ್ದರು. ನಗದೆ ಏನು ಮಾಡಿಯಾರು? ಪಾತುಕ್ ಬೀದಿಯ ಬಕ್ಪಿಯಾ ಎಂಬ ಸಿಹಿತಿಂಡಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಹೆಸರುಬೇಳೆಯ ಹೂರಣವನ್ನು ಉಂಡೆ ಕಟ್ಟಿ, ಮೈದಾ ಹಿಟ್ಟಿನೊಳಗೆ ಮುಚ್ಚಿ, ಅಂಗೈಯಲ್ಲಿ ಒಮ್ಮೆ ಒತ್ತಿ ಒಲೆಯವರ ಕಡೆ ತಳ್ಳುವುದು ಅವಳ ಕೂಲಿ. ಉಗುರಲ್ಲಿ ಹೂರಣ, ಮುಂಗುರುಳಲ್ಲಿ ಹೂರಣ. ಆ ವಾಸನೆಗೇ ಅವಳ ನಾಲಿಗೆ ಮುಷ್ಕರ ಹೂಡಿ ವರ್ಷಗಳಾಗಿದ್ದವು. "ನಾನು ಬೀದೀಲಿ ನಡೆದ್ರೆ ಹಿಂದೆ ಬರೋದು ಇರುವೆ, ಗಂಡಸರಲ್ಲ" ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದಳು. ಕೊನೆಗೆ ಒಬ್ಬ ಗಂಡಸೂ ಬಂದ. ಅಂಗಡಿಯ ಡಬ್ಬಿಗಳನ್ನು ಬೈಕಿಗೆ ಕಟ್ಟಿಕೊಂಡು ಹೋಟೆಲುಗಳಿಗೂ ರೈಲು ನಿಲ್ದಾಣಕ್ಕೂ ಮುಟ್ಟಿಸುವ ಸಪ್ತೊನೊ. ಅವನನ್ನು ಕಂಡರೂ ಇರುವೆಗಳಿಗೆ ಪ್ರೀತಿಯೇ. ಹಾಗಾಗಿ ಜೋಡಿ ಕೂಡಿತು.

ಹೀಗಿರುವಾಗ, ಬಸುರಿನ ಆರನೆಯ ತಿಂಗಳಲ್ಲಿ ಆರೋಗ್ಯ ಕೇಂದ್ರದವರು ಅವಳಿಗೆ ಒಂದು ಲೋಟ ಸಕ್ಕರೆ ನೀರು ಕುಡಿಸಿ, ಕೂರಿಸಿ, ರಕ್ತ ತೆಗೆದು, ಮತ್ತೆ ಕೂರಿಸಿ, ಮತ್ತೆ ರಕ್ತ ತೆಗೆದು, "ಅಮ್ಮಾ, ನಿನಗೆ ಬಸುರಿನ ಸಕ್ಕರೆ ಕಾಯಿಲೆ ಇದೆ" ಎಂದುಬಿಟ್ಟರು.

ಗಿಯಾರ್ತಿ ಮೊದಲು ತನ್ನನ್ನೇ ವಿಚಾರಣೆಗೆ ಎಳೆದಳು. ಎಲ್ಲಿ ತಿಂದೆ, ಯಾವಾಗ ತಿಂದೆ? ಒಡೆದುಹೋದ ಬಕ್ಪಿಯಾ ಎರಡು, ಅದೂ ಯಜಮಾನರು ತಲೆ ಎಣಿಸಿ ಹಂಚಿದ್ದು. ಅತ್ತೆ ಬೆಳಿಗ್ಗೆ ಕೊಡುವ ಚಹಾ, ಆ ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ, ನಿಜ. ಆದರೆ ಅದನ್ನು ಅವಳು ಪ್ರತಿದಿನ ಮಲ್ಲಿಗೆ ಗಿಡಕ್ಕೆ ಹಾಕುತ್ತಿದ್ದಳು. ಸಕ್ಕರೆ ಕಾಯಿಲೆ ಬರಬೇಕಿದ್ದರೆ ಮಲ್ಲಿಗೆ ಗಿಡಕ್ಕೆ ಬರಬೇಕಿತ್ತು.

ಸೂಲಗಿತ್ತಿ ಎಂಡಾ, ಓದಿ ಬಂದ ಆರೋಗ್ಯ ಕೇಂದ್ರದ ದಾದಿ, ಅವಳ ಮುಖ ನೋಡಿ ಕೇಳಿದಳು. "ಏನ್ ಯೋಚ್ನೆ?"

"ನಾನು ಏನ್ ತಪ್ಪು ಮಾಡಿದೆ ಅಂತ ಹುಡುಕ್ತಾ ಇದೀನಿ, ಬು." ತಾಯಿಯಂಥ ಹಿರಿಯರನ್ನು ಅಲ್ಲಿ 'ಬು' ಎನ್ನುವುದು ವಾಡಿಕೆ.

"ಹುಡುಕ್ಬೇಡ, ಸಿಗಲ್ಲ. ಲೆಬಾರಾನ್ ಹಬ್ಬ ಬಂದಾಗ ನಿಮ್ಮ ಅಂಗಡೀಲಿ ಏನಾಗುತ್ತೆ ಹೇಳು."

"ಏನಾಗೋದು? ಜಕಾರ್ತದಿಂದ ಊರಿಗೆ ಬಂದೋರೆಲ್ಲ ವಾಪಸ್ ಹೋಗುವಾಗ ಡಬ್ಬಿ ಡಬ್ಬಿ ಒಯ್ತಾರೆ. ನಮ್ಮ ಬೆನ್ನು ಮುರಿಯುತ್ತೆ."

"ಆಗ ನಿಮ್ಮ ಯಜಮಾನ್ರು?"

"ದಿನಗೂಲಿಯವರನ್ನ ಕರೀತಾರೆ. ಇದ್ದವರಿಗೆ ಎರಡು ಪಾಳಿ."

"ಹೊಟ್ಟೇಲೂ ಅಷ್ಟೇ" ಎಂದಳು ಎಂಡಾ. "ಮಗು ಜೊತೆ ಮಾಸು ಬೆಳೆಯುತ್ತಲ್ಲ, ಅದು ಸುಮ್ನೆ ಕೂರಲ್ಲ. ಒಂದಿಷ್ಟು ಹಾರ್ಮೋನು ಬಿಟ್ಟು ನಿನ್ನ ಮೈಗೆ ಹೇಳುತ್ತೆ, ಇನ್ಸುಲಿನ್ ಮಾತನ್ನ ಅಷ್ಟು ಸುಲಭಕ್ಕೆ ಕೇಳ್ಬೇಡ, ರಕ್ತದಲ್ಲಿ ಸಕ್ಕರೆ ಸ್ವಲ್ಪ ಉಳಿಸು, ಮಗೂಗೆ ಬೇಕು ಅಂತ. ಹಂಗಾದಾಗ ಇನ್ಸುಲಿನ್ ಹೆಚ್ಚು ಬೇಕಲ್ವಾ? ಅದಕ್ಕೆ ಇನ್ನೊಂದಿಷ್ಟು ಹಾರ್ಮೋನು ಜಠರದ ಹಿಂದಿರೋ ಮೇದೋಜೀರಕ ಗ್ರಂಥಿಗೆ ಹೋಗಿ ಅಲ್ಲಿ ಇನ್ಸುಲಿನ್ ಮಾಡೋ ಕಣಗಳನ್ನ ಎಬ್ಬಿಸುತ್ತೆ. ಏಳ್ರೋ, ಹಬ್ಬ ಬಂತು, ನೀವು ಹೆಚ್ಚಾಗಿ, ಎರಡು ಪಾಳಿ ಮಾಡಿ ಅಂತ. ಎಷ್ಟೋ ಜನಕ್ಕೆ ಕೂಲಿಯವರು ಬರ್ತಾರೆ. ನಿನಗೆ ಬೇಕಾದಷ್ಟು ಬರ್ಲಿಲ್ಲ."

"ಯಾಕೆ ಬರ್ಲಿಲ್ಲ?"

"ನಿಮ್ಮಪ್ಪನಿಗೆ ಸಕ್ಕರೆ ಇತ್ತು ಅಂದಿದ್ದೆ. ಅದೂ ಒಂದು ಕಾರಣ ಇರಬಹುದು. ಪೂರ್ತಿ ಯಾಕೆ ಅಂತ ದೊಡ್ಡ ದೊಡ್ಡೋರಿಗೂ ಇನ್ನೂ ಗೊತ್ತಿಲ್ಲ. ಆದ್ರೆ ನೀನು ಸೋಮಾರಿ ಅಂತಲ್ಲ, ತಿಂಡಿಪೋತಿ ಅಂತಲ್ಲ."

ಗಿಯಾರ್ತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮನೆಗೆ ನಡೆದಳು. ಹೆದರಿಕೆ ಇತ್ತು. ಹೆದರಿಕೆಯ ಅಡಿಯಲ್ಲಿ ಇನ್ನೊಂದು ಏನೋ ಕಾವೇರುತ್ತಿತ್ತು. ಹಬ್ಬದ ದಿನ ಕೂಲಿಯವರು ಬಾರದೆ ಹೋದಾಗ, ಇದ್ದವರನ್ನೇ ಬೈಯುವ ಗಿರಾಕಿಯನ್ನು ಕಂಡರೆ ಬರುತ್ತದಲ್ಲ, ಆ ಸಿಟ್ಟು.

ಅನ್ನ ಅರ್ಧ ಮಾಡಿದಳು. ಊಟವಾದ ಮೇಲೆ ವಿನೊಂಗೊ ಹೊಳೆಯ ದಂಡೆಯಲ್ಲಿ ನಡೆದಳು. ಆದರೂ ಸಕ್ಕರೆ ಇಳಿಯಲಿಲ್ಲ. ಆಸ್ಪತ್ರೆಯ ಡಾಕ್ಟರು ಇನ್ಸುಲಿನ್ ಪೆನ್ನು ಬರೆದುಕೊಟ್ಟರು. ಊಟಕ್ಕೆ ಮುಂಚೆ ತೊಡೆಗೆ ಚುಚ್ಚಿಕೊಳ್ಳಬೇಕು. ಒಂದು ಪೆನ್ನು ಮನೆಯ ಫ್ರಿಜ್ಜಿನಲ್ಲಿ, ಇನ್ನೊಂದು ಅಂಗಡಿಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ.

ಮನೆಯಲ್ಲಿ ಗುಡುಗು ಸಿಡಿಲು ಶುರುವಾದದ್ದು ಅಂದೇ.

"ಸೂಜಿನಾ!" ಅತ್ತೆ ಪೈನೆಮ್ ಗೋಡೆ ಹಿಡಿದುಕೊಂಡರು. "ಹಿಂದಿನ ಬೀದಿ ದಾರ್ಮೊ ಸೂಜಿ ಹಿಡಿದ, ವರ್ಷದಲ್ಲಿ ಕಾಲು ಹೋಯ್ತು!"

"ಕಾಲು ಹೋಗಿದ್ದು ಸೂಜಿಯಿಂದ ಅಲ್ಲ ಬು, ಸೂಜಿ ತಗೊಳ್ದೆ ಇದ್ದದ್ದರಿಂದ."

"ಮಗೂಗೆ ಚಟ ಹತ್ತುತ್ತೆ, ನೋಡ್ತಿರು" ಎಂದಳು ಬುದೆ ಕರ್ಸಿನಾ. ಅತ್ತೆಯ ಅಕ್ಕ; ದೊಡ್ಡಮ್ಮನಿಗೆ ಅಲ್ಲಿ ಬುದೆ ಎನ್ನುತ್ತಾರೆ. ಪಕ್ಕದ ಮನೆಯಲ್ಲಿದ್ದರೂ ಊಟ, ತಿಂಡಿ, ಅಭಿಪ್ರಾಯ ಎಲ್ಲ ಈ ಮನೆಯಲ್ಲೇ. "ಮತ್ತೆ ಬಕ್ಪಿಯಾ ಅಂಗಡೀಲಿ ಕೂತು ಬಾಯಾಡಿಸ್ತಾ ಇದ್ರೆ ಇನ್ನೇನಾಗುತ್ತೆ?"

"ಇನ್ಸುಲಿನ್ ಮಗು ಹತ್ರ ದಾಟಲ್ಲ, ಬುದೆ. ದಾಟೋದು ಸಕ್ಕರೆ. ಸಕ್ಕರೆ ಹೆಚ್ಚಾದ್ರೆ ಮಗು ಸುಮ್‌ಸುಮ್ನೆ ಊದುತ್ತೆ, ಹೆರಿಗೆ ಕಷ್ಟ ಆಗುತ್ತೆ, ಹುಟ್ಟಿದ ಮೇಲೆ ಅದರ ಸಕ್ಕರೆ ದಿಢೀರಂತ ಬೀಳುತ್ತೆ."

"ಊದಲಿ ಬಿಡೇ!" ಅತ್ತೆಗೆ ಹೆಮ್ಮೆ ಉಕ್ಕಿತು. "ನನ್ನ ಹಿರಿಯವನನ್ನ ಎತ್ತಿದ ಸೂಲಗಿತ್ತಿ ಕೈ ಸೋತು ಪಕ್ಕದವಳ ಕೈಗೆ ಕೊಟ್ಳು. ಹಲಸಿನ ಹಣ್ಣಿನ ಹಾಗಿದ್ದ!"

ಸಪ್ತೊನೊ ಬಾಗಿಲಲ್ಲಿ ನಿಂತು ಹೆಲ್ಮೆಟ್ಟಿನ ಪಟ್ಟಿಯನ್ನು ಕಟ್ಟುತ್ತಲೂ ಬಿಚ್ಚುತ್ತಲೂ ಇದ್ದ. ಜಗಳ ಬಂದಾಗಲೆಲ್ಲ ಅವನಿಗೆ ಯಾವುದೋ ಹೋಟೆಲಿನ ಡಬ್ಬಿ ನೆನಪಾಗುತ್ತಿತ್ತು.

"ಕಾಂಗ್, ನೀವೇನಾದ್ರೂ ಹೇಳಿ" ಎಂದು ಗಂಡನನ್ನು ಕರೆದಳು ಗಿಯಾರ್ತಿ.

"ಇಬ್ರೂ ಹೇಳೋದು ಸರಿ ಅನ್ಸುತ್ತೆ."

"ಇಬ್ರೂ ಸರಿ ಇದ್ರೆ ಮಗು ಅರ್ಧ ಊದಲಿ ಅಂತಾನಾ?"

ಅವನು ಹೆಲ್ಮೆಟ್ಟು ಹಾಕಿಕೊಂಡು ಹೊರಟೇಬಿಟ್ಟ.

ಗಿಯಾರ್ತಿ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಮೂಲೆಯಲ್ಲಿ ಕೂತು ಚುಚ್ಚಿಕೊಂಡಳು. ಮೊದಲ ಸಲ ಪೆನ್ನು ಜಾರಿ ಸಾರಿನೊಳಗೆ ಬೀಳುವುದರಲ್ಲಿತ್ತು. "ಭೇಷ್, ಸಾರಿನ ಸಕ್ಕರೆ ಇಳೀತಿತ್ತು" ಎಂದು ತನಗೇ ಹೇಳಿಕೊಂಡಳು. ಬೆಲ್ಲ ಸುರಿದು ಕುದಿಸುವ ಜೋಗ್ಜಾದ ಸಾರಿಗೆ ಅದೂ ಬೇಕಾದದ್ದೇ. ಅತ್ತೆ ನೋಡಿಯೂ ನೋಡದ ಹಾಗೆ ಈರುಳ್ಳಿ ಸುಲಿಯುತ್ತಿದ್ದರು. ಒಂದೇ ಷರತ್ತು: ಏಳನೆಯ ತಿಂಗಳ ಮಿತೋನಿ ಶಾಸ್ತ್ರದ ದಿನ ನೆಂಟರಿಷ್ಟರ ಕಣ್ಣಿಗೆ ಸೂಜಿ ಬೀಳಕೂಡದು. "ಆ ಒಂದಿನ ನನ್ನ ಮರ್ಯಾದೆ ಉಳಿಸು, ನ್ದುಕ್, ನನ್ನ ಮಗಳಲ್ವಾ."

"ಕೋಣೆ ಬಾಗಿಲು ಹಾಕ್ಕೊಂಡು ತಗೋತೀನಿ, ಬು." ಅಷ್ಟಕ್ಕೆ ಅವಳೂ ಒಪ್ಪಿದಳು. ಒಪ್ಪಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡದ್ದು ಬೇರೆ ಮಾತು.

ಮಿತೋನಿಯ ದಿನ ಮನೆ ತುಂಬ ಹೆಂಗಸರು. ಹೂವಿನ ನೀರು ಸುರಿದು ಸ್ನಾನವಾಯಿತು. ಬುದೆ ಕರ್ಸಿನಾ ಸೀರೆಯಂಥ ಬಾತಿಕ್ ಬಟ್ಟೆಗಳನ್ನು ಒಂದೊಂದಾಗಿ ಹೊದಿಸಿ, "ಒಪ್ಪಿತಾ?" ಎಂದು ಕೇಳಿದಳು. ಹೆಂಗಸರೆಲ್ಲ ಒಂದೇ ದನಿಯಲ್ಲಿ "ಇಲ್ಲಾ, ಒಪ್ಪಲಿಲ್ಲಾ!" ಎಂದು ಕೂಗಿದರು. ಆರು ಚೆಂದದ ಬಟ್ಟೆ ಕೆಳಗೆ ಬಿದ್ದವು. ಏಳನೆಯದು, ಗೆರೆ ಗೆರೆಯ ಸಾದಾ ನೂಲಿನ ಬಟ್ಟೆ, ಶಾಸ್ತ್ರಕ್ಕೆ ಒಪ್ಪುವುದು ಅದೊಂದೇ, ಹೆಗಲಿಗೆ ಬಂದಾಗ "ಒಪ್ಪಿತೂ!" ಎಂಬ ಕೂಗಿಗೆ ಅಂಗಳದ ಕೋಳಿಗಳು ಹಾರಿದವು. ಇನ್ನು ಉಳಿದದ್ದು ಹಣ್ಣು ಕುಟ್ಟಿ ರುಜಾಕ್ ಮಾಡುವುದು, ಬೆಲ್ಲದ ಹಾಲಿನ ದಾವೆತ್ ಮಾರುವುದು, ಊಟ. ಬಸುರಿಯೇ ವ್ಯಾಪಾರಿ. ಕೊಳ್ಳುವವರು ಹೆಂಚಿನ ಚೂರುಗಳನ್ನೇ ಹಣವೆಂದು ಕೊಡಬೇಕು. ಮೊದಲ ಲೋಟ ದಾವೆತ್ ಬಸುರಿಯೇ ಕುಡಿಯಬೇಕು.

ಗಿಯಾರ್ತಿ ಮೆಲ್ಲನೆ ಎದ್ದು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಪೆನ್ನು ಇರಲಿಲ್ಲ. ತೋಫು ಸರಿಸಿದಳು, ಮೆಣಸಿನಕಾಯಿ ಸರಿಸಿದಳು.

"ಬು, ನನ್ನ ಪೆನ್ನೆಲ್ಲಿ?"

ಹಿಂದೆಯೇ ಬಂದಿದ್ದ ಅತ್ತೆಯ ಕಣ್ಣು ಒಂದು ಕ್ಷಣ ಮೇಲಕ್ಕೆ, ಐಸು ಇಡುವ ಅರೆಯ ಕಡೆಗೆ ಹೋಯಿತು.

ಅಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ. ಆ ಮನೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇದ್ದದ್ದನ್ನು ಯಾರೂ ಕಂಡವರಿಲ್ಲ. ಈರುಳ್ಳಿ ಇರುತ್ತಿತ್ತು, ಒಣಮೀನು ಇರುತ್ತಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸೂಜಿ ದಾರ ಇರುವ ಹಾಗೆ. ದಾವೆತ್‌ಗೆ ಐಸು ತೆಗೆಯಲು ಬಂದ ಯಾವ ಹೆಂಗಸೂ ಆ ಡಬ್ಬಿಯನ್ನು ತೆರೆಯಲಾರಳು ಎಂದು ಅತ್ತೆಗೆ ಗೊತ್ತಿತ್ತು. ಊರಿನ ಎಲ್ಲ ಮನೆಯಲ್ಲೂ ಅದೇ ಸಂಪ್ರದಾಯ.

ಮುಚ್ಚಳ ತೆರೆದರೆ ಒಳಗೆ ಪೆನ್ನು. ಹಿಮ ಕಟ್ಟಿ, ಗಾಜಿನೊಳಗಿನ ಮದ್ದು ಕಲ್ಲಾಗಿತ್ತು.

"ಕರಗಿಸಿದ್ರೆ ಆಯ್ತಲ್ಲ" ಎಂದರು ಅತ್ತೆ. ದನಿ ಸಣ್ಣದಾಗಿತ್ತು. "ಮೀನು ಕರಗಿಸಲ್ವಾ?"

"ಇದು ಮೀನಲ್ಲ ಬು. ಒಂದ್ಸಲ ಹೆಪ್ಪುಗಟ್ಟಿದ್ರೆ ಕೆಟ್ಟ ಹಾಗೇ."

"ಒಂದೊತ್ತು ಬಿಟ್ಟುಬಿಡು. ಜನ ಕಾಯ್ತಾ ಇದಾರೆ. ಒಂದ್ ಲೋಟ ದಾವೆತ್ ಕುಡಿದ್ರೆ ಯಾರೂ ಸಾಯಲ್ಲ."

ಅದೇ ಒಂದು ಲೋಟ, ಆಮೇಲೆ ಅದೇ ಒಂದು ತುತ್ತು, ಆಮೇಲೆ ನೆಂಟರು ಬಂದ ಇನ್ನೊಂದು ದಿನ. ಗಿಯಾರ್ತಿಗೆ ಹೊಟ್ಟೆಯೊಳಗೆ ಕೂಸು ಒದ್ದ ಹಾಗಾಯಿತು. ಒದ್ದದ್ದು ಕೂಸೋ ಸಿಟ್ಟೋ, ಅವಳಿಗೂ ತಿಳಿಯಲಿಲ್ಲ. ಕಲ್ಲಾದ ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳದ ಚಾಪೆಗೆ ಬಂದು ನಿಂತಳು.

"ಎಲ್ಲರೂ ಸ್ವಲ್ಪ ಕೂತ್ಕೊಳ್ಳಿ. ನನಗೆ ಬಸುರಿನ ಸಕ್ಕರೆ ಕಾಯಿಲೆ ಇದೆ. ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. ಇದು ಕೆಟ್ಟುಹೋಗಿದೆ. ಇನ್ನೊಂದು ಅಂಗಡೀಲಿದೆ. ಅದು ಬರೋವರೆಗೂ ದಾವೆತ್ ಇಲ್ಲ, ರುಜಾಕ್ ಇಲ್ಲ, ಊಟ ಇಲ್ಲ."

ಒಬ್ಬಳ ಕೈಯಿಂದ ಹೆಂಚಿನ ಚೂರು ಕೆಳಗೆ ಬಿತ್ತು.

"ಕಾಂಗ್!"

ಎಳನೀರು ಒಡೆಯಲು ಮಚ್ಚು ಹಿಡಿದು ನಿಂತಿದ್ದ ಸಪ್ತೊನೊ ತಾಯಿಯ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಅವನ ಕೈ ರೂಢಿಯಂತೆ ಹೆಲ್ಮೆಟ್ಟಿನ ಕಡೆ ಹೋಯಿತು. ಈ ಸಲ ಮಾತ್ರ ಅವನು ಓಡಿಹೋದದ್ದು ಅವಳು ಹೇಳಿದ ಕಡೆಗೇ. ಮಚ್ಚನ್ನು ಬುದೆಯ ಕೈಗೆ ಕೊಟ್ಟು ಬೈಕು ಹತ್ತಿದ.

ಬುದೆ ಮಚ್ಚು ಹಿಡಿದುಕೊಂಡೇ ಶುರು ಮಾಡಿದಳು. "ಶಾಸ್ತ್ರ ನಿಲ್ಲಿಸೋದಾ? ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಇರ್ಲಿಲ್ಲ. ನಾಲಿಗೆ ಹಿಡಿತದಲ್ಲಿಟ್ಕೋಬೇಕಾಗಿತ್ತು."

"ನಾಲಿಗೆಗೂ ಇದಕ್ಕೂ ಸಂಬಂಧ ಇಲ್ಲ ಬುದೆ. ಹಬ್ಬದ ದಿನ ಗಿರಾಕಿ ಹೆಚ್ಚಾದ್ರು, ಕೂಲಿಯವರು ಕಡಿಮೆ ಬಂದ್ರು. ಗಿರಾಕೀನ ಕರೆದದ್ದು ಮಾಸು. ಕೂಲಿಯವರನ್ನ ಎಬ್ಬಿಸ್ಬೇಕಾಗಿದ್ದೂ ಅದೇ. ಎಬ್ಬಿಸ್ತು, ಎಲ್ಲರೂ ಏಳ್ಲಿಲ್ಲ. ಇರೋರು ಎರಡು ಪಾಳಿ ದುಡೀತಾ ಇದಾರೆ ಪಾಪ. ಈ ಸೂಜಿ ಹೊರಗಿನ ಕೂಲಿ, ಅಷ್ಟೇ. ಹೊರಗಿನ ಕೂಲಿ ಕರೆಸ್ಕೊಂಡ ಯಜಮಾನನ್ನ ಯಾರಾದ್ರೂ ಬೈತಾರಾ? ಅಥವಾ ಕೂಲಿಯವರನ್ನ ಐಸಲ್ಲಿ ಬಚ್ಚಿಡ್ತಾರಾ?"

ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ಅವರು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ಖಾಲಿ ಐಸ್‌ಕ್ರೀಮ್ ಡಬ್ಬಿ.

"ನ್ದುಕ್" ಎಂದರು. "ಹುಟ್ಟಿದ ಮೇಲೆ ಸಕ್ಕರೆ ದಿಢೀರಂತ ಬೀಳುತ್ತೆ ಅಂದೆಯಲ್ಲ. ಬಿದ್ರೆ ಮಗು ಹೇಗಿರುತ್ತೆ?"

"ನಡುಗುತ್ತಂತೆ. ಹಾಲು ಕುಡಿಯಲ್ವಂತೆ. ಮಂಕಾಗಿ ಮಲಗಿಬಿಡುತ್ತಂತೆ. ಆಸ್ಪತ್ರೇಲಿ ನೋಡ್ಕೊಂಡ್ರೆ ಸರಿಹೋಗುತ್ತೆ."

ಅತ್ತೆ ಡಬ್ಬಿಯ ಮುಚ್ಚಳವನ್ನು ಹಾಕಿದರು, ತೆಗೆದರು. "ಹಲಸಿನ ಹಣ್ಣಿನ ಹಾಗಿದ್ದ ಅಂತ ಹೇಳ್ತೀನಲ್ಲ ಯಾವಾಗ್ಲೂ. ಎರಡನೇ ದಿನ ನಡುಗ್ದ. ಹಾಲು ಕುಡೀಲಿಲ್ಲ. ಸಾಯಂಕಾಲ ಹೋಗ್ಬಿಟ್ಟ. ನಾನು ಬಸುರೀಲಿ ಪಪ್ಪಾಯಿ ತಿಂದಿದ್ದೆ ಅಂತ ನನ್ನ ಅತ್ತೆ ಸಾಯೋವರೆಗೂ ಅಂದ್ರು. ನಾನು ತಿಂದೇ ಇರ್ಲಿಲ್ಲ."

ಸಪ್ತೊನೊನ ಅಣ್ಣ ಎಳವೆಯಲ್ಲಿ ಹೋದ ಎಂದಷ್ಟೇ ಗಿಯಾರ್ತಿಗೆ ಗೊತ್ತಿತ್ತು. ಬುದೆ ಕರ್ಸಿನಾ ಮಚ್ಚನ್ನು ಕೆಳಗಿಟ್ಟಳು. ಅವಳಿಗೂ ಆ ಸಂಜೆ ನೆನಪಾಗಿರಬೇಕು.

"ಅದೇ ಆಗಿತ್ತೇನೇ?" ಅತ್ತೆ ಕೇಳಿದರು.

ಹೌದು ಎಂದರೆ ಗೆದ್ದ ಹಾಗೆ. ಗಿಯಾರ್ತಿಗೆ ಹಾಗೆ ಗೆಲ್ಲಲು ಮನಸ್ಸಾಗಲಿಲ್ಲ. "ಇರಬಹುದು ಬು, ಇಲ್ದೇನೂ ಇರಬಹುದು. ಈಗ ಯಾರು ಹೇಳೋಕಾಗುತ್ತೆ? ಆದ್ರೆ ಪಪ್ಪಾಯಿ ಅಂತೂ ಅಲ್ಲ."

ಬೈಕಿನ ಸದ್ದು ಕೇಳಿತು. ಸಪ್ತೊನೊ ಪೆನ್ನನ್ನು ಬಕ್ಪಿಯಾ ಡಬ್ಬಿಯಲ್ಲಿಟ್ಟು ದಾರ ಕಟ್ಟಿ, ಹೋಟೆಲಿಗೆ ಮುಟ್ಟಿಸುವಷ್ಟು ಜೋಪಾನವಾಗಿ ತಂದಿದ್ದ. ಗಿಯಾರ್ತಿ ಕೋಣೆಗೆ ಹೋಗಲಿಲ್ಲ. ಗಂಡಸರಿಗೆ ಬೆನ್ನು ತಿರುಗಿಸಲು ಹೇಳಿ, ಹೆಂಗಸರ ನಡುವೆ ಚಾಪೆಯ ಮೇಲೆ ಕೂತು, ಸಾದಾ ಬಟ್ಟೆಯ ಅಂಚು ಸರಿಸಿ ತೊಡೆಗೆ ಚುಚ್ಚಿಕೊಂಡಳು. ಈ ಸಲ ಪೆನ್ನು ಜಾರಲಿಲ್ಲ.

"ಒಪ್ಪಿತಾ?" ಎಂದು ಸುತ್ತ ನೋಡಿದಳು.

ಹಿಂದಿನ ಸಾಲಿನಿಂದ ಯಾರೋ ಮೊದಲು ಕೂಗಿದರು. ಆಮೇಲೆ ಎಲ್ಲರೂ. "ಒಪ್ಪಿತೂ!" ಪಾಪ, ಕೋಳಿಗಳು ಮತ್ತೆ ಹಾರಿದವು.

ಮೊದಲ ಲೋಟದ ದಾವೆತ್ತನ್ನು ತುಟಿಗೆ ಮುಟ್ಟಿಸಿ ಗಂಡನ ಕೈಗೆ ಕೊಟ್ಟಳು. ಅವನು ಎರಡು ಪಾಲನ್ನೂ ಕುಡಿದ. ರುಜಾಕ್‌ಗೆ ಹುಣಸೆ, ಉಪ್ಪು, ಮೆಣಸಿನಕಾಯಿ ಕುಟ್ಟಿದಳು. ಬೆಲ್ಲದ ಉಂಡೆಯನ್ನು ಮುಟ್ಟಲಿಲ್ಲ. ಬುದೆ ಕರ್ಸಿನಾ ರುಚಿ ನೋಡಿದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಬಸುರಿಯ ರುಜಾಕ್ ಸೊಗಸಾಗಿದ್ದರೆ ಹೆಣ್ಣು, ಸೊಗಸು ಸಾಲದಿದ್ದರೆ ಗಂಡು ಎಂಬುದು ಅಲ್ಲಿನ ನಂಬಿಕೆ.

"ಗಂಡು!" ಬುದೆ ಕೆಮ್ಮುತ್ತಲೇ ಸಾರಿದಳು. "ಇಷ್ಟು ಕೆಟ್ಟ ರುಜಾಕ್ ನಾನು ಜನ್ಮದಲ್ಲಿ ತಿಂದಿಲ್ಲ. ಒಂದಲ್ಲ, ಎರಡು ಗಂಡು!"

ಹುಟ್ಟಿದ್ದು ಒಂದು ಹೆಣ್ಣು. ಹಲಸಿನ ಹಣ್ಣಿನ ಹಾಗೇನೂ ಇರಲಿಲ್ಲ. ಹದವಾದ ತೂಕ, ಹದ ಮೀರಿದ ಕಂಠ. ದಾದಿಯರು ಮತ್ತೆ ಮತ್ತೆ ಅದರ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು. ಪ್ರತಿ ಸಲವೂ ಅತ್ತೆ ದಾದಿಯ ಹೆಗಲ ಮೇಲಿಂದ ಇಣುಕಿ "ಎಷ್ಟು? ಬಿದ್ದಿಲ್ಲ ತಾನೇ?" ಎಂದು ಕೇಳಿದರು. ಬಿದ್ದಿರಲಿಲ್ಲ. ಮಗು ಹಾಲು ಕುಡಿಯಿತು. ಗಟ್ಟಿಯಾಗಿ, ಬುದೆ ಕರ್ಸಿನಾಗೂ ಕೇಳುವಂತೆ ಚಪ್ಪರಿಸಿ ಕುಡಿಯಿತು.

"ಹೆಣ್ಣಾಯ್ತಲ್ಲೇ! ರುಜಾಕ್ ಸುಳ್ಳು ಹೇಳ್ತಾ?" ಎಂದಳು ಬುದೆ.

"ಬೆಲ್ಲಾನೇ ಹಾಕದಿದ್ರೆ ಅದು ಪಾಪ ಏನ್ ಹೇಳುತ್ತೆ" ಎಂದಳು ಗಿಯಾರ್ತಿ.

ಗಿಯಾರ್ತಿಯ ಸಕ್ಕರೆಯೂ ಇಳಿದಿತ್ತು. "ಮಾಸು ಹೊರಗೆ ಬಂತು, ಹಬ್ಬ ಮುಗೀತು" ಎಂದಳು ಸೂಲಗಿತ್ತಿ ಎಂಡಾ. "ಆದ್ರೆ ಮರೀಬೇಡ. ಬಾಣಂತನ ಮುಗಿದ ಮೇಲೆ ಒಂದ್ಸಲ, ಆಮೇಲೆ ವರ್ಷಾ ವರ್ಷ ಪರೀಕ್ಷೆ ಮಾಡಿಸ್ಕೋ. ಹೀಗಾದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರೋ ಸಂಭವ ಹೆಚ್ಚು."

"ಬರ್ತೀನಿ ಬು. ಲೆಬಾರಾನ್ ಮುಗಿದ ಮಾರನೇ ದಿನ, ನಮ್ಮ ಹುಡುಗೀರೆಲ್ಲ ಬೆನ್ನು ಹಿಡ್ಕೊಂಡು ಕೂತಿರ್ತಾರಲ್ಲ, ಅವರನ್ನೂ ಕರ್ಕೊಂಡು ಬರ್ತೀನಿ. ಎಲ್ಲರಿಗೂ ಚುಚ್ಚಿ."

ಮನೆಗೆ ಬಂದ ಸಂಜೆ ಸಪ್ತೊನೊ ಬಾಗಿಲ ಎಡಗಡೆ ಗುಂಡಿ ತೋಡಿದ. ತೊಳೆದ ಮಾಸನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಹೂಳಿ ಮೇಲೊಂದು ದೀಪ ಹಚ್ಚಬೇಕು. ಅಲ್ಲಿಯವರಿಗೆ ಅದು ಮಗುವಿನ ತಮ್ಮ, ಒಡಹುಟ್ಟು. ಎಸೆಯುವ ವಸ್ತುವಲ್ಲ. ಗಿಯಾರ್ತಿ ಮೆಟ್ಟಿಲ ಮೇಲೆ ಮಗುವನ್ನು ಎತ್ತಿಕೊಂಡು ಕೂತು ಗಡಿಗೆಯ ಕಡೆ ನೋಡಿದಳು.

"ಇವನೇ ಅಲ್ವಾ ಬು, ಮೈ ತುಂಬ ಗಿರಾಕಿ ತುಂಬಿಸಿದ್ದು?"

"ಬೈಬೇಡ. ಅಕ್ಕನಿಗೋಸ್ಕರ ಮಾಡ್ದ" ಎಂದರು ಅತ್ತೆ. ಗಡಿಗೆಗೆ ಉಪ್ಪು ಹಾಕಿದರು, ಅಕ್ಕಿ ಹಾಕಿದರು, ಮಗು ಜಾಣೆಯಾಗಲೆಂದು ಪೆನ್ಸಿಲ್ ತುಂಡು ಇಟ್ಟರು. ಬುದ್ಧಿ ಚೂಪಾಗಿರಲೆಂದು ಒಂದು ಸೂಜಿಯನ್ನೂ ಇಡಬೇಕು. ಸೂಜಿ ತರಲು ಒಳಗೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಅವರ ಬೆರಳ ತುದಿಯಲ್ಲಿದ್ದದ್ದು ಇನ್ಸುಲಿನ್ ಪೆನ್ನಿಗೆ ಸಿಕ್ಕಿಸುವ ಹೊಸ ಸೂಜಿ, ಮುಚ್ಚಳ ಕೂಡ ತೆಗೆಯದ್ದು. ಅದನ್ನು ಗಡಿಗೆಯೊಳಗಿಟ್ಟರು.

ಗಿಯಾರ್ತಿ ಅವರನ್ನೇ ನೋಡಿದಳು.

"ಏನ್ ನೋಡ್ತೀಯ? ಹೊಲಿಯೋ ಸೂಜಿ ಸಿಗ್ಲಿಲ್ಲ."

"ಸಿಗದೆ ಏನು?" ಬುದೆ ಕರ್ಸಿನಾ ಕಿಟಕಿಯ ಕಡೆ ಕೈ ತೋರಿಸಿದಳು. "ಅಗೋ, ಬಿಸ್ಕತ್ತಿನ ಡಬ್ಬಿ ಕಣ್ಣೆದುರಿಗೇ ಇದೆಯಲ್ಲೇ ಪೈನೆಮ್!"

ಅತ್ತೆ ಗಡಿಗೆಯ ಮುಚ್ಚಳವನ್ನು ಒತ್ತಿ ಮುಚ್ಚಿ ಮಗನ ಕೈಗೆ ಕೊಟ್ಟರು.

"ಅದ್ರಲ್ಲಿ ಬಿಸ್ಕತ್ತಿದೆ" ಎಂದರು.